ಮೊದಲು ನೆಲ, ಆಮೇಲೆ ಮುಲಾಮು

ಬಸವನಗುಡಿಯ ಆ ಹಳೆಯ ಮನೆಯಲ್ಲಿ ಮಹಡಿ ಮೆಟ್ಟಿಲ ಕೆಳಗಿನ ಸಂದಿ ತುಂಬ ಖಾಲಿ ಬೋನುಗಳು. ಎಲ್ಲವೂ ತಂತಿ ಜಾಲರಿಯವು. ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ಕೆಲವಕ್ಕೆ ತುಕ್ಕು ಹಿಡಿದಿದೆ, ಕೆಲವು ನಿನ್ನೆ ಮೊನ್ನೆ ಅಂಗಡಿಯಿಂದ ತಂದಂತಿವೆ. ಸಾಕಿದ ಮೊಲವನ್ನು ‘ಇನ್ನು ನಮ್ಮ ಕೈಲಾಗಲ್ಲ’ ಎಂದು ಇಲ್ಲಿ ತಂದುಬಿಡುವವರು ಬೋನನ್ನೂ ಜೊತೆಗೇ ಬಿಟ್ಟುಹೋಗುತ್ತಾರೆ. ಮನೆಯಾಕೆ ಮೊಲವನ್ನು ಎತ್ತಿಕೊಂಡು ಮೇಲೆ ಹೋಗುತ್ತಾರೆ; ಬೋನು ಕೆಳಗೇ ಉಳಿಯುತ್ತದೆ. ಗುಜರಿಯವನು ಬಂದಾಗ ತೂಕಕ್ಕೆ ಹಾಕುತ್ತಾರೆ.

ಅವರು ನಿವೃತ್ತ ಶಿಕ್ಷಕಿ. ಬೀದಿಯ ಮಕ್ಕಳಿಗೆ ‘ಮೊಲದ ಆಂಟಿ’. ಹೆಸರು ಬರೆಯಬೇಡಿ ಎಂದರು. ಬರೆದರೆ ಗೇಟಿನ ಮುಂದೆ ರಾತ್ರೋರಾತ್ರಿ ರಟ್ಟಿನ ಪೆಟ್ಟಿಗೆಗಳು ಬಂದು ಕೂರುತ್ತವೆ, ಈಗಿರುವ ಮೊಲಗಳಿಗೇ ಜಾಗ ಸಾಲದು ಎಂಬುದು ಅವರ ಕಷ್ಟ. ಇಲ್ಲಿಗೆ ಬರುವ ಮೊಲಗಳಲ್ಲಿ ಹೆಚ್ಚಿನವು ತರುವ ಕಾಯಿಲೆ ಎರಡೇ. ಒಂದು, ಹಿಂಗಾಲಿನ ಅಂಗಾಲು ಹುಣ್ಣಾಗುವುದು. ಇನ್ನೊಂದು, ಉಚ್ಚೆ ತಾಗಿ ತಾಗಿ ಹಿಂಭಾಗದ ಚರ್ಮ ಬೆಂದುಹೋಗುವುದು. ವೈದ್ಯರ ಮಾತಲ್ಲಿ ಸೋರ್ ಹಾಕ್ಸ್ ಮತ್ತು ಯೂರಿನ್ ಸ್ಕಾಲ್ಡ್. ಎಷ್ಟೋ ಮೊಲಗಳಿಗೆ ಎರಡೂ ಒಟ್ಟಿಗೇ ಇರುತ್ತವೆ. ಅವನ್ನು ಇಲ್ಲಿ ಹೇಗೆ ವಾಸಿ ಮಾಡುತ್ತಾರೆಂದು ನೋಡಲು ನಾನು ಬಂದಿದ್ದೆ.

‘ಮೊದಲು ಇದನ್ನ ಮುಟ್ಟಿ ನೋಡಿ’ ಎಂದು ಒಂದು ಬೋನಿನ ತಳಕ್ಕೆ ನನ್ನ ಅಂಗೈ ಒತ್ತಿಸಿದರು. ‘ನಿಮ್ಮ ಮೈಭಾರವನ್ನೆಲ್ಲ ಇದರ ಮೇಲೆ ಬಿಟ್ಟು ಒಂದು ಗಂಟೆ ಕೂತಿರಿ ಅಂದ್ರೆ ಕೂರ್ತೀರಾ?’

ಈ ಬೋನಿನ ಮೂಲ ಮಾಂಸಕ್ಕಾಗಿ ಮೊಲ ಸಾಕುವ ಫಾರ್ಮು. ಅಲ್ಲಿ ಹಿಕ್ಕೆ, ಉಚ್ಚೆ ಎರಡೂ ಜಾಲರಿಯಿಂದ ಕೆಳಗೆ ಬಿದ್ದುಹೋಗಬೇಕು. ಇಲ್ಲವಾದರೆ ಕಾಕ್ಸಿಡಿಯೋಸಿಸ್‌ನಂಥ ಕರುಳಿನ ಬೇನೆ ಒಂದರಿಂದ ಎಲ್ಲಕ್ಕೂ ಹರಡುತ್ತದೆ. ಮಾಂಸದ ಮರಿ ಮೂರು ತಿಂಗಳ ಸುಮಾರಿಗೆ ತೂಕಕ್ಕೆ ಬಂದು ಮಾರಾಟವಾಗುತ್ತದೆ, ಅಷ್ಟರೊಳಗೆ ಪಾದ ಕೆಡುವುದು ಕಡಿಮೆ. ಮರಿ ಹಾಕಿಸಲು ವರ್ಷಗಟ್ಟಲೆ ಉಳಿಸಿಕೊಳ್ಳುವ ತಾಯಿಮೊಲಗಳಿಗೆ ಫಾರ್ಮಿನಲ್ಲೂ ಅಂಗಾಲು ಹುಣ್ಣಾಗುತ್ತದೆ. ಅದಕ್ಕೇ ತಿಳಿದ ಸಾಕಣೆಗಾರರು ಜಾಲರಿಯ ಒಂದು ಭಾಗಕ್ಕೆ ಪ್ಲಾಸ್ಟಿಕ್ ಹಾಸನ್ನೋ ಮರದ ಹಲಗೆಯನ್ನೋ ಹಾಕಿ ಪಾದಕ್ಕೆ ಬಿಡುವು ಕೊಡುತ್ತಾರೆ. ಮನೆಯಲ್ಲಿ ಸಾಕಿದ ಮೊಲ ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುತ್ತದೆ. ಮೂರು ತಿಂಗಳ ಲೆಕ್ಕಕ್ಕೆ ಮಾಡಿದ ಬೋನಿನಲ್ಲಿ ಹತ್ತು ವರ್ಷ ಕೂರಿಸಿದರೆ ಪಾದ ಉಳಿಯುವುದಾದರೂ ಹೇಗೆ?

ಇಲ್ಲಿಗೆ ಬರುವ ಮೊದಲು ಶಿವಾಜಿನಗರದಲ್ಲಿ ಒಂದು ಸುತ್ತು ಹಾಕಿದ್ದೆ. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನ ಆಸುಪಾಸಿನ ಗಲ್ಲಿಗಳಲ್ಲಿ ಹಕ್ಕಿ, ಮೀನು, ಮೊಲ ಮಾರುವ ಅಂಗಡಿಗಳಿವೆ. ಜಾಲರಿಯ ಮೇಲೆ ಮರಿಗಳು ಒಂದಕ್ಕೊಂದು ಆತುಕೊಂಡು ಕೂತಿರುತ್ತವೆ. ಕೊಳ್ಳುವವರು ಕಣ್ಣು ನೋಡುತ್ತಾರೆ, ಕಿವಿ ನೋಡುತ್ತಾರೆ, ಬಣ್ಣ ಆರಿಸುತ್ತಾರೆ; ಮರಿಯನ್ನು ಎತ್ತಿ ಅಂಗಾಲು ನೋಡುವವರನ್ನು ನಾನು ಅಲ್ಲಿ ಕಾಣಲಿಲ್ಲ. ಮರಿಯ ಜೊತೆಗೆ ಬೋನು ಬೇಕೇ ಬೇಕೆಂದು ಅದನ್ನೂ ಕೊಳ್ಳುತ್ತಾರೆ. 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಇಂಥ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಲೇಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳುವ ಗಿರಾಕಿಗಳು ಹೆಚ್ಚಿದರೆ ಅಂಗಡಿಯ ಬೋನಿನ ತಳವೂ ಬದಲಾದೀತು.

ಮಹಡಿ ಹತ್ತಿದರೆ ಉದ್ದನೆಯ ಹಜಾರ. ಕೆಳಗೆಲ್ಲ ಹಳೆಯ ಕಾಲದ ರೆಡ್ ಆಕ್ಸೈಡ್ ನೆಲ, ಉಜ್ಜಿ ಉಜ್ಜಿ ಕನ್ನಡಿಯ ಹೊಳಪು ಬಂದದ್ದು. ಆದರೆ ಮೇಲಿನ ಹಜಾರದಲ್ಲಿ ಆ ನೆಲ ಗೋಡೆಯಂಚಿನಲ್ಲಿ ಮಾತ್ರ ಕಾಣುತ್ತದೆ. ಉಳಿದದ್ದೆಲ್ಲ ಹಾಸು. ತಳದಲ್ಲಿ ರಬ್ಬರ್ ಮ್ಯಾಟು, ಅದರ ಮೇಲೆ ನೀರು ಹೀರುವ ಹತ್ತಿಬಟ್ಟೆಯ ದಪ್ಪ ಪದರ, ಎಲ್ಲಕ್ಕಿಂತ ಮೇಲೆ ಫ್ಲೀಸ್ ಬಟ್ಟೆ. ಫ್ಲೀಸ್ ತಾನು ಒದ್ದೆಯಾಗಿ ಉಳಿಯದೆ ತೇವವನ್ನು ಕೆಳಗಿಳಿಸಿಬಿಡುತ್ತದೆ, ಹಾಗಾಗಿ ಮೊಲದ ಪಾದ ತಾಗುವ ಮೇಲ್ಮೈ ಒಣಗಿರುತ್ತದೆ. ಮೂಲೆಗಳಲ್ಲಿ ಒಣ ರಾಗಿ ಹುಲ್ಲಿನ ಹಾಸಿಗೆ. ಗೋಣಿತಟ್ಟು ಎಲ್ಲೂ ಕಾಣಲಿಲ್ಲ. ಯಾಕೆಂದು ಕೇಳಿದೆ. ಅದರ ದಾರ ಬಿಚ್ಚಿಕೊಂಡು ಬೆರಳಿಗೆ ಸುತ್ತಿಕೊಳ್ಳುತ್ತದೆ, ಉಚ್ಚೆ ಹೀರಿದರೆ ದಿನವಿಡೀ ಒಣಗದು ಎಂದರು. ಫೋಮ್ ಹಾಸೂ ಇಲ್ಲ: ಮೊಲ ಅದನ್ನು ಕಡಿದು ನುಂಗುತ್ತದೆ, ಕರುಳು ಕಟ್ಟುತ್ತದೆ.

ನಾಯಿ ಬೆಕ್ಕಿನ ಪಾದದಡಿ ಇರುವಂಥ ಮೆತ್ತೆ ಮೊಲಕ್ಕಿಲ್ಲ. ಅಂಗಾಲಿನಲ್ಲಿ ಒತ್ತಾದ ಕೂದಲು, ಕೂದಲಡಿ ತೆಳು ಚರ್ಮ, ಚರ್ಮದಡಿ ಹೆಚ್ಚೇನೂ ಮಾಂಸವಿಲ್ಲದ ಮೂಳೆ. ಮಣ್ಣಿನ ಮೇಲೆ, ಹುಲ್ಲಿನ ಮೇಲೆ ನಿಂತಾಗ ಉಗುರು ಕೆಳಗಿಳಿದು ಹಿಡಿತ ಸಿಗುತ್ತದೆ, ಭಾರ ಬೆರಳುಗಳಿಗೂ ಹಂಚಿಹೋಗುತ್ತದೆ. ಟೈಲ್ಸ್, ಗ್ರಾನೈಟ್, ಹೊಳೆಯುವ ರೆಡ್ ಆಕ್ಸೈಡ್ ಮೇಲೆ ಉಗುರಿಗೆ ಇಳಿಯಲು ಜಾಗವಿಲ್ಲ. ಬೆರಳು ಮೇಲೇಳುತ್ತದೆ, ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ. ಉಗುರು ಕತ್ತರಿಸದೆ ಬೆಳೆಯಲು ಬಿಟ್ಟರೂ ಆಗುವುದು ಇದೇ. ಜಾರುವ ನೆಲದಲ್ಲಿ ಮೊಲ ಓಡಾಡಲು ಹೆದರಿ ಒಂದೇ ಕಡೆ ಕೂರುತ್ತದೆ. ಕೂತಷ್ಟೂ ಮೈ ಬರುತ್ತದೆ, ಮೈ ಬಂದಷ್ಟೂ ಹಿಮ್ಮಡಿ ನೋಯುತ್ತದೆ. ರೆಕ್ಸ್ ತಳಿಯ ಮೊಲಗಳಿಗೆ ಪಾದದ ಕೂದಲೂ ಗಿಡ್ಡ, ಅವಕ್ಕೆ ಈ ಕಾಯಿಲೆ ಬೇಗ ಬರುತ್ತದೆ.

ಹಜಾರದ ಕಿಟಕಿಯ ಪಕ್ಕ ಗುಂಡ ಕೂತಿದ್ದಾನೆ. ಬಿಳಿ ಮೈ, ಕಂದು ಕಿವಿ, ಹೆಸರಿಗೆ ತಕ್ಕ ದೇಹ. ಬರುವಾಗ ಎರಡೂ ಹಿಂಗಾಲಿನಲ್ಲಿ ಹುಣ್ಣು, ಬಾಲದ ಕೆಳಗೆ ಕೂದಲುದುರಿ ಕೆಂಪಾದ ಚರ್ಮ. ಈ ದಿನ ಅವನನ್ನು ನೋಡಲು ಡಾಕ್ಟರು ಬಂದಿದ್ದಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವರು. 1958ರಲ್ಲಿ ಶುರುವಾದ ಆ ಕಾಲೇಜಿನಿಂದ ಹೊರಬಂದ ಹೆಚ್ಚಿನವರ ಕೆಲಸ ಹಸು, ಎಮ್ಮೆ, ಕುರಿಗಳ ನಡುವೆ. ಇವರು ಮೊಲ, ಗಿಣಿ, ಆಮೆಯಂಥ ಸಣ್ಣ ಜೀವಗಳನ್ನು ಆರಿಸಿಕೊಂಡರು.

ಡಾಕ್ಟರು ಮೇಜು ಕೇಳಲಿಲ್ಲ, ನೆಲದ ಮೇಲೇ ಕೂತರು. ಎತ್ತರದಲ್ಲಿ ಮೊಲ ಹೆದರಿ ಹಿಂಗಾಲು ಜಾಡಿಸಿದರೆ ಅದರ ಬಲಕ್ಕೆ ಅದರದೇ ಬೆನ್ನುಮೂಳೆ ಮುರಿಯಬಹುದು. ಗುಂಡನ ಬೆನ್ನನ್ನು ತಮ್ಮ ಎದೆಗೆ ಆನಿಸಿಕೊಂಡು, ಒಂದು ಕೈ ಎದೆಯಡಿ, ಇನ್ನೊಂದು ಕೈ ಪೃಷ್ಠದಡಿ ಕೊಟ್ಟು ತೊಡೆಯ ಮೇಲೆ ಕೂರಿಸಿಕೊಂಡರು. ಅಂಗಾತ ಮಲಗಿಸಲಿಲ್ಲ. ಅಂಗಾತ ಮಲಗಿಸಿದಾಗ ಮೊಲ ಮಿಸುಕದೆ ಬಿದ್ದಿರುವುದನ್ನು ಜನ ‘ಆರಾಮಾಗಿದೆ’ ಎಂದುಕೊಳ್ಳುತ್ತಾರೆ. ಅದು ಬೇಟೆಗೆ ಸಿಕ್ಕ ಪ್ರಾಣಿ ಭಯದಿಂದ ಮರಗಟ್ಟುವ ಸ್ಥಿತಿ.

ಎಡಗಾಲಿನ ಬ್ಯಾಂಡೇಜು ಬಿಚ್ಚಿದರು. ಹಿಮ್ಮಡಿಯಲ್ಲಿ ಕೂದಲಿಲ್ಲದ ದುಂಡನೆಯ ಜಾಗ, ನಡುವೆ ಕಂದು ಹಕ್ಕಳೆ. ಹಕ್ಕಳೆಯನ್ನು ಕೀಳಲಿಲ್ಲ. ಬೆರಳ ತುದಿಯಿಂದ ಸುತ್ತಲೂ ಮೆಲ್ಲಗೆ ಒತ್ತಿ ನೋಡಿದರು, ಬಿಸಿ ಇದೆಯೇ, ಬಾವು ಇದೆಯೇ, ಗುಂಡ ಕಾಲೆಳೆದುಕೊಳ್ಳುತ್ತಾನೆಯೇ ಎಂದು.

‘ಕೂದಲು ಉದುರಿ ಚರ್ಮ ಬರೀ ಕೆಂಪಾಗಿದ್ರೆ ಅದು ಶುರು. ನೆಲ ಬದಲಿಸಿದ್ರೆ ಅಲ್ಲಿಗೇ ನಿಂತುಹೋಗತ್ತೆ’ ಎಂದರು. ‘ಚರ್ಮ ಬಿರುಕುಬಿಟ್ಟು ಹುಣ್ಣಾದ್ರೆ ಸೋಂಕು ಒಳಗೆ ಹೋಗತ್ತೆ. ಮೂಳೆಗೆ ಇಳಿದುಬಿಟ್ರೆ ತಿಂಗಳುಗಟ್ಟಲೆ ಪಾಡು. ಅದು ಗೊತ್ತಾಗ್ಬೇಕು ಅಂದ್ರೆ ಎಕ್ಸ್‌ರೇ ತೆಗೀಲೇಬೇಕು.’

ಸೋಂಕು ತರುವುದರಲ್ಲಿ ಹೆಚ್ಚಿನ ಪಾಲು ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾದ್ದು. ಮೊಲದ ಕೀವು ತುಂಬ ಗಟ್ಟಿ, ನಮ್ಮ ಕುರುವಿನಂತೆ ಒಡೆದು ಸೋರಿಹೋಗುವುದಿಲ್ಲ. ಹಿಚುಕಿ ತೆಗೆಯುತ್ತೇನೆಂದು ಹೊರಟರೆ ಸೋಂಕು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಬಾವು ಕಂಡರೆ ಡಾಕ್ಟರ ಕೈಯಿಂದಲೇ ತೆಗೆಸಬೇಕು.

ಗುಂಡನ ಹುಣ್ಣು ಚರ್ಮದ ಮಟ್ಟದಲ್ಲೇ ಇದೆ. ಡಾಕ್ಟರು ಸಲೈನ್‌ನಿಂದ ತೊಳೆದರು. ಆಮೇಲೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ನೀರಿಗೆ ಬೆರೆಸಿ, ತಿಳಿ ಟೀ ಬಣ್ಣಕ್ಕೆ ತಂದು, ಗಾಜ್ ಬಟ್ಟೆಯಲ್ಲಿ ಅದ್ದಿ ಒತ್ತಿದರು. ಉಜ್ಜಲಿಲ್ಲ. ಒಣ ಗಾಜ್‌ನಿಂದ ತೇವ ಹೀರಿ, ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನು ತೆಳ್ಳಗೆ ಸವರಿದರು. ಮೇಲೆ ಅಂಟಿಕೊಳ್ಳದ ಗಾಜ್, ಅದರ ಮೇಲೆ ಹತ್ತಿಯ ಪದರ, ಕೊನೆಗೆ ತನಗೆ ತಾನೇ ಅಂಟುವ ಪಟ್ಟಿ. ಪಟ್ಟಿ ಸುತ್ತುವಾಗ ಬೆರಳ ತುದಿ ಹೊರಗೆ ಕಾಣುವಂತೆ ಬಿಟ್ಟರು. ಆ ಬೆರಳು ಊದಿಕೊಂಡರೆ ಅಥವಾ ತಣ್ಣಗಾದರೆ ಪಟ್ಟಿ ಬಿಗಿಯಾಯಿತೆಂದು ತಿಳಿದು ಕೂಡಲೇ ಬಿಚ್ಚಬೇಕು. ಉಚ್ಚೆಯಲ್ಲಿ ನೆಂದ ಬ್ಯಾಂಡೇಜು, ಬ್ಯಾಂಡೇಜೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಅದಕ್ಕೇ ಇಲ್ಲಿ ದಿನವೂ ಮುಟ್ಟಿ ನೋಡುತ್ತಾರೆ, ತೇವ ತಾಗಿದರೆ ಆ ಹೊತ್ತಿಗೇ ಬದಲಿಸುತ್ತಾರೆ.

ನೋವಿಗೆ ಮೆಲಾಕ್ಸಿಕ್ಯಾಮ್ ಸಿರಪ್ಪನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಕೊಡುತ್ತಾರೆ. ಪ್ರಮಾಣವನ್ನು ತೂಕ ನೋಡಿ ಡಾಕ್ಟರೇ ಬರೆದಿದ್ದಾರೆ. ನಾಯಿಯ ಲೆಕ್ಕ ಮೊಲಕ್ಕೆ ಹೊಂದದು. ನೋವು ಇಳಿಸುವುದು ಕರುಣೆಯ ಮಾತಷ್ಟೇ ಅಲ್ಲ. ನೋವಿದ್ದ ಮೊಲ ತಿನ್ನುವುದು ಬಿಡುತ್ತದೆ, ತಿನ್ನುವುದು ಬಿಟ್ಟರೆ ಕರುಳಿನ ಚಲನೆ ನಿಲ್ಲುತ್ತದೆ, ಅದೇ ಜೀವಕ್ಕೆ ಎರವಾಗುತ್ತದೆ. ಹತ್ತು ಹನ್ನೆರಡು ಗಂಟೆ ಮೇವು ಮುಟ್ಟದ, ಹಿಕ್ಕೆ ಹಾಕದ ಮೊಲವನ್ನು ಕಾಯುತ್ತ ಕೂರಬಾರದು.

ಹಜಾರದ ಗೋಡೆಗೆ ಮನೆಯಾಕೆ ಕೆಂಪಕ್ಷರದಲ್ಲಿ ಬರೆದು ಅಂಟಿಸಿದ ಹಾಳೆಯೊಂದಿದೆ. ಇಲ್ಲಿ ಕೆಲಸಕ್ಕೆ ನೆರವಾಗುವ ಕಾಲೇಜು ಹುಡುಗ ಹುಡುಗಿಯರಿಗಾಗಿ. ಮೊದಲ ಸಾಲು: ಬಾಯಿಯ ಮೂಲಕ ಅಮಾಕ್ಸಿಸಿಲಿನ್, ಪೆನಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಕೊಡಲೇಬಾರದು. ಇವು ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ವಿಷಕಾರಿಯಾದವು ಬೆಳೆಯಲು ಬಿಡುತ್ತವೆ, ಭೇದಿಯಾಗಿ ಮೊಲ ಸಾಯುತ್ತದೆ. ನಾಯಿಗೆ, ಮಕ್ಕಳಿಗೆ ಕೊಡುವ ಮಾಮೂಲು ಔಷಧಿ ಎಂದು ಮನೆಯಲ್ಲಿದ್ದ ಸಿರಪ್ಪನ್ನು ಹಾಕಿದವರ ಮೊಲಗಳು ಹುಣ್ಣಿನಿಂದ ಸಾಯದೆ ಔಷಧಿಯಿಂದ ಸತ್ತಿವೆ. ಎರಡನೆಯ ಸಾಲು: ಸ್ಟೆರಾಯ್ಡ್ ಇರುವ ಚರ್ಮದ ಕ್ರೀಮು ಬೇಡ. ನಮ್ಮ ಮನೆಗಳ ಔಷಧಿ ಡಬ್ಬಿಯಲ್ಲಿರುವ ಎಷ್ಟೋ ಕ್ರೀಮುಗಳಲ್ಲಿ ಅದಿರುತ್ತದೆ. ಮೊಲ ಸವರಿದ್ದನ್ನೆಲ್ಲ ನೆಕ್ಕುತ್ತದೆ, ಸ್ಟೆರಾಯ್ಡಿಗೆ ಅದರ ದೇಹ ಬಹಳ ಸೂಕ್ಷ್ಮ. ಮೂರನೆಯದು: ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಫಿನಾಯಿಲ್ ಹತ್ತಿರಕ್ಕೂ ತರಬಾರದು. ಕೊಬ್ಬರಿ ಎಣ್ಣೆ ಸವರುವ ರೂಢಿಯನ್ನೂ ಇವರು ಬಿಡಿಸಿದ್ದಾರೆ. ಎಣ್ಣೆ ಕೂದಲನ್ನು ಮುದ್ದೆ ಮಾಡುತ್ತದೆ, ಮುದ್ದೆಯೊಳಗೆ ತೇವ ನಿಲ್ಲುತ್ತದೆ.

ಗುಂಡನನ್ನು ಬಿಟ್ಟು ಪಕ್ಕದ ಕೋಣೆಗೆ ಹೋದೆವು. ಇಲ್ಲಿರುವುದು ಬೆಳ್ಳಿ ಮತ್ತು ಅಜ್ಜಿ ಎಂದೇ ಕರೆಸಿಕೊಳ್ಳುವ ಮುದಿ ಮೊಲ. ಇಬ್ಬರದೂ ಉಚ್ಚೆಯ ತೊಂದರೆ, ಕಾರಣ ಮಾತ್ರ ಬೇರೆ ಬೇರೆ. ಇದು ಮುಖ್ಯ. ಚರ್ಮ ಬೆಂದಿದೆ ಎಂದ ಕೂಡಲೇ ಚರ್ಮಕ್ಕೆ ಔಷಧಿ ಹಚ್ಚಿ ಸುಮ್ಮನಾದರೆ ಅದು ಮತ್ತೆ ಮತ್ತೆ ಬರುತ್ತದೆ. ಉಚ್ಚೆ ಯಾಕೆ ಮೈಗೆ ಹತ್ತುತ್ತಿದೆ ಎಂದು ಕೇಳಬೇಕು.

ಅಜ್ಜಿಗೆ ಸಂಧಿವಾತ. ಆರೋಗ್ಯವಂತ ಮೊಲ ಉಚ್ಚೆ ಹೊಯ್ಯುವಾಗ ಹಿಂಭಾಗವನ್ನು ಮೇಲೆತ್ತಿ ದೂರಕ್ಕೆ ಚಿಮ್ಮಿಸುತ್ತದೆ. ಬೆನ್ನು, ಸೊಂಟ ಹಿಡಿದುಕೊಂಡ ಮೊಲಕ್ಕೆ ಆ ಭಂಗಿ ಬರದು, ಉಚ್ಚೆ ಅದರ ತೊಡೆಯ ಮೇಲೇ ಇಳಿಯುತ್ತದೆ. ಗುಂಡನ ಕತೆಯೂ ಹೀಗೇ, ಅಲ್ಲಿ ಅಡ್ಡ ಬಂದದ್ದು ಬೊಜ್ಜು. ತನ್ನ ಹಿಂಭಾಗವನ್ನು ತಾನು ನೆಕ್ಕಿ ಶುಚಿ ಮಾಡಿಕೊಳ್ಳಲು, ರಾತ್ರಿ ಹೊತ್ತು ಬರುವ ಮೆದು ಹಿಕ್ಕೆಯನ್ನು ಗುದದಿಂದಲೇ ತೆಗೆದು ತಿನ್ನಲು ಅವನ ಬಾಯಿ ಅಲ್ಲಿಗೆ ತಲುಪುತ್ತಿರಲಿಲ್ಲ. ಎನ್ಸೆಫಲಿಟೋಜೂನ್ ಎಂಬ ಪರೋಪಜೀವಿ ಮೂತ್ರಪಿಂಡ, ನರ ಹಿಡಿದಾಗಲೂ ಹಿಂಗಾಲು ಸೋತು ಉಚ್ಚೆ ತನ್ನಷ್ಟಕ್ಕೆ ಸೋರುತ್ತದೆ. ಅದಕ್ಕೆ ಫೆನ್‌ಬೆಂಡಜೋಲ್ ಎಂಬ ಔಷಧಿಯನ್ನು ಸಾಮಾನ್ಯವಾಗಿ 28 ದಿನ ಬಿಡದೆ ಕೊಡಬೇಕು.

ಬೆಳ್ಳಿಯ ಕಾರಣ ಮೂತ್ರಕೋಶದಲ್ಲಿತ್ತು. ನಮ್ಮ ದೇಹ ಬೇಕಾದಷ್ಟೇ ಸುಣ್ಣದಂಶವನ್ನು ಆಹಾರದಿಂದ ಹೀರುತ್ತದೆ. ಮೊಲ ಹಾಗಲ್ಲ, ಸಿಕ್ಕಿದ್ದರಲ್ಲಿ ಬಹಳಷ್ಟನ್ನು ಹೀರಿ, ಹೆಚ್ಚಾದದ್ದನ್ನು ಉಚ್ಚೆಯಲ್ಲಿ ಹೊರಹಾಕುತ್ತದೆ. ಅದಕ್ಕೇ ಮೊಲದ ಉಚ್ಚೆ ಸ್ವಲ್ಪ ಬಿಳಿಬಿಳಿಯಾಗಿ, ಕದಡಿದಂತಿರುವುದು ಸಹಜ. ಕಡಿಮೆ ನೀರು ಕುಡಿದು, ಓಡಾಟವಿಲ್ಲದೆ ಕೂತಲ್ಲೇ ಕೂತರೆ ಆ ಸುಣ್ಣ ಮೂತ್ರಕೋಶದ ತಳದಲ್ಲಿ ಕೆಸರಾಗಿ ನಿಲ್ಲುತ್ತದೆ, ಕಲ್ಲೂ ಆಗಬಹುದು. ಎಕ್ಸ್‌ರೇಯಲ್ಲಿ ಅದು ಬಿಳಿಯಾಗಿ ಎದ್ದು ಕಾಣುತ್ತದೆ. ಬೆಳ್ಳಿಯನ್ನು ಸಾಕಿದವರು ಪ್ರೀತಿಯಿಂದಲೇ ದಿನವೂ ನುಗ್ಗೆಸೊಪ್ಪು, ಕುದುರೆ ಮೆಂತೆ ಹಾಕುತ್ತಿದ್ದರು. ಎರಡರಲ್ಲೂ ಸುಣ್ಣದಂಶ ಹೇರಳ. ಬೆಳೆಯುವ ಮರಿಗೆ ಕುದುರೆ ಮೆಂತೆ ಸರಿ, ದೊಡ್ಡ ಮೊಲಕ್ಕೆ ದಿನವೂ ಬೇಡ.

ಇನ್ನೊಂದು ಮಾತನ್ನು ಡಾಕ್ಟರು ಒತ್ತಿ ಹೇಳಿದರು. ಮೊಲದ ಉಚ್ಚೆ ಕೆಲವೊಮ್ಮೆ ಕಿತ್ತಳೆ, ಕೆಂಪು ಬಣ್ಣಕ್ಕೂ ತಿರುಗುತ್ತದೆ, ತಿಂದ ಸೊಪ್ಪಿನ ವರ್ಣದ್ರವ್ಯದಿಂದ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಆದರೆ ಮೊಲ ತಿಣುಕುತ್ತಿದ್ದರೆ, ಹನಿ ಹನಿಯಾಗಿ ಹೊಯ್ಯುತ್ತಿದ್ದರೆ, ಉಚ್ಚೆಯಲ್ಲಿ ಕೆಂಪು ಗೆರೆಯೋ ಹೆಪ್ಪೋ ಕಂಡರೆ ಅದು ರಕ್ತವೇ ಇರಬಹುದು, ಪರೀಕ್ಷೆ ಮಾಡಿಸಬೇಕು.

ತೊಳೆಯುವ ಕೆಲಸ ನಡೆಯುವುದು ಬಚ್ಚಲುಮನೆಯಲ್ಲಿ. ಬೆಳ್ಳಿಯನ್ನು ಹಿಡಿದು ತಂದವಳು ಪಶುವೈದ್ಯಕೀಯ ಓದಬೇಕೆಂಬ ಆಸೆಯ ಪಿಯುಸಿ ಹುಡುಗಿ. ಅಗಲವಾದ ಟಬ್ಬಿನ ತಳಕ್ಕೆ ಮೊದಲು ಟವೆಲ್ ಹಾಸಿದಳು, ಮೊಲ ಜಾರಬಾರದೆಂದು. ಉಗುರುಬೆಚ್ಚಗಿನ ನೀರು ನಾಲ್ಕು ಬೆರಳಷ್ಟು. ಹಿಂಭಾಗ ಮಾತ್ರ ನೀರಲ್ಲಿ, ಮುಂಗಾಲು ಅವಳ ಕೈ ಮೇಲೆ. ಇಡೀ ಮೊಲಕ್ಕೆ ಸ್ನಾನ ಮಾಡಿಸುವುದಿಲ್ಲ. ಒತ್ತಾದ ತುಪ್ಪಳ ಒಣಗಲು ಬಹಳ ಹೊತ್ತು ಬೇಕು, ಅಷ್ಟರಲ್ಲಿ ಮೈ ತಣ್ಣಗಾಗಿ, ಹೆದರಿಕೆಯೂ ಸೇರಿ ಮೊಲ ಕುಸಿಯಬಹುದು.

‘ಆಂಟಿ, ಇಲ್ಲಿ ಗಂಟಿದೆ’ ಎಂದಳು ಹುಡುಗಿ.

‘ಎಳೀಬೇಡಮ್ಮ. ನೆನೀಲಿ ಬಿಡು.’

ಮೊಲದ ಚರ್ಮ ಅಷ್ಟು ತೆಳು, ಗಂಟು ಎಳೆದರೆ ಚರ್ಮವೇ ಹರಿದು ಬರುತ್ತದೆ. ಕತ್ತರಿ ಹಾಕಿದರೆ ಕೂದಲು ಯಾವುದು ಚರ್ಮ ಯಾವುದು ತಿಳಿಯದೆ ಗಾಯವಾಗುತ್ತದೆ. ನೆನೆಸಿ, ಬೆರಳಿನಿಂದ ಬಿಡಿಸಿ, ಬಿಡದ ಗಂಟನ್ನು ಡಾಕ್ಟರು ಸಣ್ಣ ಕ್ಲಿಪ್ಪರಿನಿಂದ ತೆಗೆಯುತ್ತಾರೆ. ಶಾಂಪೂ ಹಾಕಲಿಲ್ಲ, ಬರೀ ನೀರು. ಆಮೇಲೆ ಟವೆಲಿನಿಂದ ಒತ್ತಿ ಒತ್ತಿ ಒರೆಸಿ, ಉಳಿದ ತೇವವನ್ನು ದೂರದಿಂದ ಹಿಡಿದ ಡ್ರೈಯರಿನ ಕಡಿಮೆ ಬಿಸಿಯಲ್ಲಿ ಆರಿಸಿದರು. ಡ್ರೈಯರಿನ ಗಾಳಿ ಮೊದಲು ಹುಡುಗಿಯ ಕೈ ಮೇಲೆ, ಆಮೇಲೆ ಮೊಲದ ಮೈ ಮೇಲೆ. ತೊಡೆಸಂದಿಯಲ್ಲಿ ತೇವ ಉಳಿದರೆ ತೊಳೆದದ್ದೆಲ್ಲ ವ್ಯರ್ಥ, ಹಾಗಾಗಿ ಅಲ್ಲೇ ಹೆಚ್ಚು ಹೊತ್ತು ಹಿಡಿಯುತ್ತಾರೆ. ನೀರಿಗೆ ತೀರಾ ಹೆದರುವ ಮೊಲಗಳಿಗೆ, ಚರ್ಮ ಒಡೆದಿರದಿದ್ದರೆ, ಕಾರ್ನ್‌ಫ್ಲೋರ್ ಉದುರಿಸಿ ಮೆತ್ತನೆಯ ಬಾಚಣಿಗೆಯಿಂದ ಕೊಳೆ ಬಿಡಿಸುತ್ತಾರೆ. ಟಾಲ್ಕಂ ಪೌಡರ್ ಹಾಕುವುದಿಲ್ಲ, ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ.

ಬಚ್ಚಲ ಹೊರಗಿನ ತಾರಸಿಯಲ್ಲಿ ಹಗ್ಗಗಳ ಮೇಲೆ ಸಾಲು ಸಾಲು ಫ್ಲೀಸ್ ಬಟ್ಟೆ ಒಣಗುತ್ತಿತ್ತು. ಮಳೆಗಾಲದಲ್ಲಿ ಈ ಮನೆಯ ದೊಡ್ಡ ಚಿಂತೆ ಇದೇ. ಬಟ್ಟೆ ಒಣಗದು, ಹುಲ್ಲು ಮೆತ್ತಗಾಗುತ್ತದೆ, ನೊಣ ಹೆಚ್ಚುತ್ತದೆ. ಕರಾವಳಿಯಲ್ಲಿ ಮೊಲ ಸಾಕಿದವರಿಗೆ ಈ ಕಷ್ಟ ಇನ್ನೂ ಜಾಸ್ತಿ. ಉಚ್ಚೆಯಲ್ಲಿ ನೆಂದ, ಹಿಕ್ಕೆ ಮೆತ್ತಿದ ತುಪ್ಪಳ ಕಂಡರೆ ನೊಣ ಅಲ್ಲಿ ಮೊಟ್ಟೆಯಿಡುತ್ತದೆ. ಒಂದು ದಿನದೊಳಗೆ ಮೊಟ್ಟೆಯೊಡೆದು ಹುಳುಗಳು ಬೆಂದ ಚರ್ಮದ ಮೂಲಕ ಒಳಗೆ ಇಳಿಯುತ್ತವೆ. ದನದ ಗಾಯಕ್ಕೆ ಹುಳ ಬೀಳುವುದನ್ನು ಹಳ್ಳಿಗಳಲ್ಲಿ ನೋಡದವರಿಲ್ಲ. ದನ ತಡೆದುಕೊಳ್ಳುತ್ತದೆ, ಮೊಲ ತಡೆಯದು. ಗಂಟೆಗಳ ಲೆಕ್ಕದಲ್ಲಿ ಸಾಯುತ್ತದೆ.

ಕಳೆದ ಮಳೆಗಾಲದಲ್ಲಿ ಹಾಗೆ ಬಂದ ಕಪ್ಪು ಮೊಲವೊಂದರ ವಿಷಯ ಹೇಳುವಾಗ ಮನೆಯಾಕೆಯ ದನಿ ಗಟ್ಟಿಯಾಯಿತು. ತಂದವರು ದನಕ್ಕೆ ಹಾಕುವ ಟರ್ಪೆಂಟೈನ್ ಎಣ್ಣೆಯನ್ನು ಮೊಲದ ಗಾಯಕ್ಕೂ ಸುರಿದಿದ್ದರು. ಹುಳಗಳು ಹೊರಬಂದವು, ಮೊಲ ಉಳಿಯಲಿಲ್ಲ. ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಹನಿಯೂ ಮೊಲಕ್ಕೆ ವಿಷವೇ. ಹುಳ ಕಂಡರೆ ಮನೆಯಲ್ಲಿ ಮಾಡಬಹುದಾದದ್ದು ಕಾಣುವಷ್ಟನ್ನು ಚಿಮಟದಲ್ಲಿ ತೆಗೆಯುವುದು, ಮೊಲವನ್ನು ಒಣ ಟವೆಲಿನಲ್ಲಿ ಸುತ್ತುವುದು, ಆಸ್ಪತ್ರೆಗೆ ಓಡುವುದು. ಒಳಗಿನ ಹುಳ ತೆಗೆಯುವುದು, ನೋವಿಗೆ, ಆಘಾತಕ್ಕೆ ಔಷಧಿ ಕೊಡುವುದು ಡಾಕ್ಟರಿಗೆ ಮಾತ್ರ ಸಾಧ್ಯ.

ಅಡುಗೆಮನೆಯ ಒಂದು ಕಟ್ಟೆ ಮೊಲಗಳಿಗೆ ಮೀಸಲು. ಒಣಹುಲ್ಲಿನ ಮೂಟೆ, ಪಾರ್ಕಿನಂಚಿನಿಂದ ಕೊಯ್ದು ತೊಳೆದ ಗರಿಕೆ, ಕೊತ್ತಂಬರಿ, ಮೂಲಂಗಿ ಸೊಪ್ಪು. ಪೆಲೆಟ್ಟಿನ ಡಬ್ಬ ಸಣ್ಣದು. ಮೇವಿನ ಬಹುಪಾಲು ಹುಲ್ಲೇ ಆಗಿರಬೇಕು, ಪೆಲೆಟ್ ದಿನಕ್ಕೆ ಒಂದಿಷ್ಟು ಸಾಕು. ಕ್ಯಾರೆಟ್ಟು ಚೂರೇ ಚೂರು, ಅದರಲ್ಲಿ ಸಕ್ಕರೆ ಜಾಸ್ತಿ. ಗುಂಡನ ತೂಕ ಇಳಿಸುತ್ತಿರುವುದು ಹೀಗೆ, ನಿಧಾನಕ್ಕೆ. ಉಪವಾಸ ಕೆಡವಿ ಒಮ್ಮೆಲೇ ಇಳಿಸಲು ಹೋದರೆ ಮೊಲದ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯ. ನೀರು ಬಾಟಲಿಯಲ್ಲಿಲ್ಲ, ಭಾರವಾದ ಮಣ್ಣಿನ ಬಟ್ಟಲುಗಳಲ್ಲಿದೆ. ಬಟ್ಟಲಿನಲ್ಲಿಟ್ಟರೆ ಮೊಲ ಹೆಚ್ಚು ಕುಡಿಯುತ್ತದೆ, ಕುಡಿದಷ್ಟೂ ಮೂತ್ರಕೋಶದ ಕೆಸರು ತೊಳೆದುಹೋಗುತ್ತದೆ. ಸೊಪ್ಪನ್ನೂ ನೀರು ಒರೆಸದೆ ಹಾಗೇ ಹಾಕುತ್ತಾರೆ.

ಹಜಾರಕ್ಕೆ ಮರಳಿದಾಗ ಇನ್ನೊಂದು ವ್ಯವಸ್ಥೆ ಗಮನಕ್ಕೆ ಬಂತು. ಉಚ್ಚೆ ತಟ್ಟೆಗಳು ದೊಡ್ಡವು, ಮೊಲ ಒಳಗೆ ಸುತ್ತಿ ತಿರುಗುವಷ್ಟು. ತಳದಲ್ಲಿ ಕಾಗದದ ಉಂಡೆ, ಮೇಲೆ ದಪ್ಪ ಹುಲ್ಲು. ಬೆಕ್ಕಿಗೆ ಬಳಸುವ ಗಟ್ಟಿಯಾಗುವ ಲಿಟರ್ ಇಲ್ಲ, ಅದು ಮೊಲದ ಹೊಟ್ಟೆಗೆ ಹೋದರೆ ಅಲ್ಲೇ ಗಟ್ಟಿಯಾಗುತ್ತದೆ. ಹುಲ್ಲಿನ ಬುಟ್ಟಿಯನ್ನು ತಟ್ಟೆಯ ಪಕ್ಕಕ್ಕೇ ಕಟ್ಟಿದ್ದಾರೆ. ಮೊಲ ತಿನ್ನುತ್ತ ತಿನ್ನುತ್ತಲೇ ಹಿಕ್ಕೆ ಹಾಕುವ ಪ್ರಾಣಿ, ಮೇವು ಅಲ್ಲಿದ್ದರೆ ಉಳಿದ ನೆಲ ತಾನಾಗಿ ಒಣಗಿರುತ್ತದೆ. ಅಜ್ಜಿಯ ತಟ್ಟೆಗೆ ಒಂದು ಬದಿ ಕತ್ತರಿಸಿ ತಗ್ಗು ಮಾಡಿದ್ದಾರೆ, ಅದರ ಸೊಂಟಕ್ಕೆ ಹತ್ತುವ ಕಷ್ಟವಿಲ್ಲ. ತಟ್ಟೆಗೆ ಕಟ್ಟಿದ ಸುಣ್ಣದ ಬಿಳಿ ಪದರವನ್ನು ವಿನಿಗರ್ ಹಾಕಿ ಕರಗಿಸಿ ತೊಳೆಯುತ್ತಾರೆ.

ಡಾಕ್ಟರು ಹೊರಡುವ ಮುನ್ನ ಗುಂಡನ ಬಲಗಾಲನ್ನೂ ತೋರಿಸಿದರು. ಅದು ವಾಸಿಯಾಗಿದೆ. ಹಿಮ್ಮಡಿಯಲ್ಲಿ ಕೂದಲಿಲ್ಲದ ಜಡ್ಡುಗಟ್ಟಿದ ಸಣ್ಣ ಜಾಗವೊಂದು ಉಳಿದಿದೆ, ಕೂದಲು ಅಲ್ಲಿ ಮತ್ತೆ ಬಾರದೆಯೂ ಇರಬಹುದು. ಒಣಗಿರುವವರೆಗೆ, ಕೆಂಪಾಗದಿರುವವರೆಗೆ ಅದರಿಂದ ತೊಂದರೆಯಿಲ್ಲ. ಆ ಕಾಲಿಗೆ ಹಚ್ಚಿದ ಮುಲಾಮು, ಮೊದಲಿದ್ದ ಮನೆಯವರೂ ಹಚ್ಚಿದ ಮುಲಾಮೇ. ಆಗ ವಾಸಿಯಾಗಿರಲಿಲ್ಲ. ಹಚ್ಚಿ ಹಚ್ಚಿ ಮತ್ತೆ ಅದೇ ಜಾಲರಿಯ ಮೇಲೆ ಕೂರಿಸುತ್ತಿದ್ದರು.

ಇಷ್ಟೆಲ್ಲ ಮಾಡಲು ದೊಡ್ಡ ಮನೆ, ದೊಡ್ಡ ದುಡ್ಡು ಬೇಕೆಂದು ಯಾರೂ ತಿಳಿಯಬಾರದು. ಹಳೆಯ ಜಮಖಾನೆ, ಒಣ ಹುಲ್ಲು, ದಿನಕ್ಕೊಮ್ಮೆ ಬದಲಿಸುವ ಹತ್ತಿಬಟ್ಟೆ, ಮೊಲಕ್ಕೆ ಓಡಾಡಲು ಕೋಣೆಯ ಒಂದು ಭಾಗ, ಇಷ್ಟಿದ್ದರೆ ಎರಡು ಕಾಯಿಲೆಯೂ ಬಹುಮಟ್ಟಿಗೆ ಬಾಗಿಲಲ್ಲೇ ನಿಲ್ಲುತ್ತವೆ. ಬೋನು ಈಗಾಗಲೇ ಮನೆಯಲ್ಲಿದ್ದರೆ ಅದರ ತಳಕ್ಕೆ ಹಲಗೆ ಹಾಕಿ, ಮೇಲೆ ಹುಲ್ಲು ಹಾಸಿ, ಬಾಗಿಲು ತೆರೆದಿಡಿ.

ಮೊಲ ಸಾಕಿರುವ ಓದುಗರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಊರಿನಲ್ಲಿ ಮೊಲವನ್ನು ನೋಡುವ ಪಶುವೈದ್ಯರು ಯಾರೆಂದು ಕಾಯಿಲೆ ಬರುವ ಮೊದಲೇ ಫೋನು ಮಾಡಿ ತಿಳಿದುಕೊಂಡಿರಿ. ವಾರಕ್ಕೊಮ್ಮೆ ಮೊಲವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡೂ ಅಂಗಾಲು, ಬಾಲದ ಕೆಳಭಾಗ ನೋಡಿ; ಮಳೆಗಾಲದಲ್ಲಿ ಬಾಲದ ಕೆಳಗೆ ದಿನಕ್ಕೆರಡು ಸಲ ನೋಡಿ. ಕೆಂಪಾಗಿದ್ದರೆ ಇವತ್ತೇ ನೆಲ ಬದಲಿಸಿ. ಹುಣ್ಣಾಗಿದ್ದರೆ ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ. ಹುಳ ಕಂಡರೆ ಬೆಳಗಾಗುವವರೆಗೂ ಕಾಯಬೇಡಿ.